ಮಣ್ಣೊಳಗಿನ ಕಾಣದ ಒಕ್ಕಲು

ಕೆಲವರ ಹಣೆಯ ಮೇಲೆ ಶಿವ ಗಂಭೀರವಾದ ಕೆಲಸ ಬರೆಯುತ್ತಾನೆ. ನನ್ನದನ್ನು ಬರೆಯುವಾಗ ಅವನಿಗೆ ನಗು ಬಂದಿರಬೇಕು; ಅದಕ್ಕೇ ನಾನು ಎಲ್ಲಿ ಹೋದರೂ ಏನಾದರೊಂದು ಆಗಿಯೇ ಆಗುತ್ತಿತ್ತು. ಬೈಲಹೊಂಗಲದ ಒಂದು ಸಣ್ಣ ಮಣ್ಣು ಪರೀಕ್ಷೆಯ ಕಚೇರಿಯಲ್ಲಿ ನಾನು ಸಹಾಯಕ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿಗೆ ಹೊಸ ಸಾಹೇಬರು ಬಂದರು. ಅವರು ಓದಿದ್ದೆಲ್ಲ ಮಣ್ಣಿನ ಜಂತುಹುಳಗಳ ಬಗ್ಗೆ. ದಾರದ ಎಳೆಯಂಥ ಮೈ, ಆದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಅಂದಿನಿಂದ ನನ್ನ ದಿನಚರಿ ಬದಲಾಯಿತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ವಿಭೂತಿ. ಹತ್ತು ಗಂಟೆಗೆ ಕಚೇರಿ, ಹುಳ.

ಮುಂದೆ ಮಗಳಿಗೆ ವರ ನೋಡುವಾಗ ಬೀಗರಾಗುವವರು ನನ್ನ ಕೆಲಸ ಏನೆಂದು ಕೇಳಿದರು. ಸುಳ್ಳು ಹೇಳುವ ರೂಢಿಯಿಲ್ಲ. "ಹುಳಾ ಎಣಿಸತೇನ್ರಿ" ಅಂದೆ. ಅವರು ಚಹಾದ ಕಪ್ಪನ್ನು ಕೆಳಗಿಟ್ಟು, "ನೌಕರಿ ಪರ್ಮನೆಂಟ್ ಐತಲ್ರಿ?" ಅಂದರು.

೧. ಸಂತೆಯ ಬದನೆಕಾಯಿ

ಸಾಹೇಬರು ಬಂದ ವರ್ಷ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮುಗಿದ ಮೂರನೆಯ ದಿನ, ಹೂಲಿಯಿಂದ ಒಬ್ಬ ಅಜ್ಜಿ ಕಚೇರಿಗೆ ಬಂದಳು. ಹಿಂದೆ ಮಗ. ಅಜ್ಜಿಯ ಕೈಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕೂಸಿನಂತೆ ಸುತ್ತಿದ ಗಂಟು. ಬಿಚ್ಚಿದರೆ ಬೇರು ಸಮೇತ ಕಿತ್ತ ಬದನೆ ಗಿಡ. ಬೇರಿನ ತುಂಬ ಗಂಟುಗಳು. ನನಗೆ ತಟ್ಟನೆ ರುದ್ರಾಕ್ಷಿ ಸರ ನೆನಪಾಯಿತು. ಅಂಥ ಹೋಲಿಕೆ ಮಾಡಿದ್ದಕ್ಕೆ ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿದೆ.

ಅಜ್ಜಿಯ ಹೊಲದಲ್ಲಿ ವರ್ಷವೂ ಬದನೆ, ತೊಟ್ಟಿಗೆ ಮುಳ್ಳಿರುವ ಮನೆಬೀಜದ ಜಾತಿ. ಮೊದಲ ಕೊಯ್ಲು ಮಠದ ದಾಸೋಹಕ್ಕೆ. ಎಳ್ಳಮಾಸಿಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ, ನೈವೇದ್ಯದ ತುತ್ತನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಆಮೇಲೆ ಊಟಕ್ಕೆ ಕೂಡ್ರುತ್ತಾರೆ. ಆ ಊಟದ ಎಣ್ಣೆಗಾಯಿ ಮಾತ್ರ ಸ್ವಂತ ಹೊಲದ ಬದನೆಯದೇ ಆಗಬೇಕು. ಎರಡು ವರ್ಷದಿಂದ ಗಿಡ ಜೋತು ಬೀಳುತ್ತಿದ್ದವು. ಈ ಸಲ ಕಾಯಿಯೇ ಇರಲಿಲ್ಲ. ಸವದತ್ತಿ ಸಂತೆಯಿಂದ ತರಬೇಕಾಯಿತು.

"ನಮ್ಮ ಹೊಲದಾಗ ಕುಂತು ಸಂತಿ ಬದನಿಕಾಯಿ ತಿಂದೇನಿ, ಯಪ್ಪಾ," ಅಂದಳು ಅಜ್ಜಿ. "ಭೂಮ್ತಾಯಿ ಮುಂದ ಮಾರಿ ಎತ್ತಾಕ ಆಗವಲ್ದು."

ಮಗನ ಕೈಯಲ್ಲಿ ಹರಳು ವಿಷದ ಪಾಕೀಟಿತ್ತು. ಇದನ್ನು ಎಷ್ಟು ಸುರಿಯಬೇಕು, ಅಷ್ಟು ಹೇಳಿದರೆ ಸಾಕು ಅಂದ. ಸಾಹೇಬರು ಅವನನ್ನು ಕೂಡ್ರಿಸಿ ತಿಳಿಸಿ ಹೇಳಿದರು. ಒಂದು ಹಿಡಿ ಮಣ್ಣಿನಲ್ಲಿ ಒಂದು ಊರಿನಷ್ಟು ಹುಳ ಇರುತ್ತವೆ. ಕೆಲವು ಬ್ಯಾಕ್ಟೀರಿಯ ತಿನ್ನುತ್ತವೆ, ಕೆಲವು ಬೂಷ್ಟು ತಿನ್ನುತ್ತವೆ, ಅವು ತಿಂದು ಬಿಟ್ಟದ್ದೇ ಬೆಳೆಗೆ ಗೊಬ್ಬರ. ಕೆಲವು ಬೇರೆ ಹುಳಗಳನ್ನೇ ತಿನ್ನುತ್ತವೆ. ಬೇರಿಗೆ ಸೂಜಿ ಚುಚ್ಚಿ ರಸ ಹೀರಿ ಹೀಗೆ ಗಂಟು ಕಟ್ಟುವವು ಅವುಗಳಲ್ಲಿ ಒಂದು ಜಾತಿ. ವಿಷ ಮಾತ್ರ ಯಾರ ಹೆಸರನ್ನೂ ಕೇಳುವುದಿಲ್ಲ, ಕಳ್ಳ ಸಾವಕಾರ ಎಲ್ಲರನ್ನೂ ಮಲಗಿಸುತ್ತದೆ. ಅದರ ಬದಲು ಬೇಸಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಬಿಸಿಲಿಗೆ ಬಿಡಿ, ಬೇವಿನ ಹಿಂಡಿ ಹಾಕಿ, ಸಾಲಿನ ನಡುವೆ ಚೆಂಡುಹೂ ಹಚ್ಚಿ. ಅದರ ಬೇರು ಈ ಕಳ್ಳರಿಗೆ ಆಗಿಬರುವುದಿಲ್ಲ.

ಮಗ ಎಲ್ಲ ಕೇಳಿ, ರೋಗಕ್ಕೆ ಹೂವಿನ ಔಷಧ ಎಂದು ಒಂದು ಸಲ ನಕ್ಕ. ಆಮೇಲೆ ತನ್ನ ಕರಾರು ಹೇಳಿದ. "ಒಂದ ವರ್ಷ ನೋಡತೇನ್ರಿ. ಮುಂದಿನ ಎಳ್ಳಮಾಸಿಗೆ ಎಣ್ಣಿಗಾಯಿ ನಮ್ಮ ಹೊಲದ ಕಾಯೀದ ಆಗಬೇಕು. ಆಗಲಿಲ್ಲಂದ್ರ, ಅವತ್ತ ಅಲ್ಲೇ ಪಾಕೀಟ್ ಒಡಿಯಾಂವ." ಹೋಗುವಾಗ ಇನ್ನೊಂದು ಮಾತು ಸೇರಿಸಿದ: ಕಳ್ಳರನ್ನು ತಿನ್ನುವ ಹುಳ ಇವೆ ಅಂದಿರಲ್ಲ, ಅದನ್ನು ಕಣ್ಣಿಗೆ ತೋರಿಸಬೇಕು.

ಅಜ್ಜಿ ಹೊರಡುವ ಮುಂಚೆ ನನ್ನ ಹಣೆಯ ವಿಭೂತಿ ನೋಡಿ ಹತ್ತಿರ ಬಂದಳು. ಆ ಹುಳಗಳನ್ನು ನೀವು ಕಣ್ಣಾರೆ ಕಂಡಿದ್ದೀರಾ ಎಂದು ಕೇಳಿದಳು. ಕಂಡಿದ್ದೇನೆ ಅಂದೆ. ದೇವರನ್ನು? ಇಲ್ಲವೆಂದೆ.

"ಇರಲಿ ಬಿಡ್ರಿ," ಅಂದಳು ಸಮಾಧಾನವಾಗಿ. "ಆತ ಕಾಣದಿದ್ರೂ ಬದನಿಗಿಡದ ತಂಟೆಕ್ಕ ಬರಂಗಿಲ್ಲ."

೨. ಒಳ್ಳೆಯ ಮಣ್ಣು

ಹತ್ತು ದಿನ ಬಿಟ್ಟು ಸಾಹೇಬರು ನನ್ನನ್ನು ಹೂಲಿಗೆ ಮಣ್ಣು ತರಲು ಕಳಿಸಿದರು. ಹೊಲದಲ್ಲಿ ಅಡ್ಡಾದಿಡ್ಡಿ ನಡೆದು, ಜೋತ ಗಿಡಗಳ ಬೇರಿನ ಹತ್ತಿರ ಹತ್ತಾರು ಕಡೆ ಅಗೆದು ಕೂಡಿಸಬೇಕು ಎಂದು ಹೇಳಿದ್ದರು. ನಾನು ಹೊಲಕ್ಕೆ ಕಾಲಿಟ್ಟ ಕೂಡಲೇ ಅಜ್ಜಿ ನೇರವಾಗಿ ಬನ್ನಿ ಗಿಡದ ಬುಡಕ್ಕೆ ಕರೆದೊಯ್ದಳು. ಸುಣ್ಣ ಬಳಿದ ಐದು ಕಲ್ಲು, ಒಣಗಿದ ಹೂ, ಊದುಬತ್ತಿಯ ಕಡ್ಡಿ. ಇಲ್ಲಿಂದಲೇ ತಗೊಳ್ಳಿ ಅಂದಳು. ದೇವರ ಜಾಗದಿಂದ ಕೆಲಸ ಶುರುವಾಗುವುದು ಶುಭ ಅನಿಸಿತು. ಕೈ ಮುಗಿದು ಚೀಲ ತುಂಬಿಸಿಯೇಬಿಟ್ಟೆ.

ಮೂರನೆಯ ದಿನ ಸಾಹೇಬರು ಸೂಕ್ಷ್ಮದರ್ಶಕದಿಂದ ತಲೆ ಎತ್ತಲೇ ಇಲ್ಲ. ಗಂಟು ಕಟ್ಟುವ ಹುಳ ಒಂದೂ ಇಲ್ಲ. ಬ್ಯಾಕ್ಟೀರಿಯ ತಿನ್ನುವವು ಮಾತ್ರ ಅಕ್ಕಿ ನುಚ್ಚು ಚೆಲ್ಲಿದ ಹಾಗೆ ಗಿಜಿಗಿಜಿ. ಇಷ್ಟು ಆರೋಗ್ಯದ ಹೊಲದಲ್ಲಿ ಬದನೆ ಯಾಕೆ ಜೋತು ಬೀಳುತ್ತದೆ ಎಂದು ಅವರಿಗೆ ತಿಳಿಯದಾಯಿತು. ಯಾವ ಜಾಗದಿಂದ ತಂದಿರಿ ಎಂದು ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ರೀ, ಚರಗ ಚೆಲ್ಲಿದ ಜಾಗಾ ಅದು. ಕಡಬು, ಅನ್ನ, ಮೊಸರು ಬಿದ್ದು ಕೊಳತು ಬ್ಯಾಕ್ಟೀರಿಯ ಎದ್ದಾವ, ಅವನ್ನ ತಿನ್ನಾಕ ಇವು ಬಂದಾವ. ರೋಗಿ ನೋಡಿ ಬರ್ರಿ ಅಂತ ಕಳಿಸಿದ್ರ, ಮದುವಿ ಊಟದ ಪಂಕ್ತಿ ನೋಡಿ ಬಂದೀರಿ."

ಬೈಗುಳ ಬೈಗುಳವೇ. ಆದರೆ ನನಗೆ ಒಳಗೊಳಗೇ ಹಿಗ್ಗು. ಚಿಕ್ಕಂದಿನಿಂದ ನಮ್ಮ ಮನೆಯಲ್ಲೂ ಚರಗ ಚೆಲ್ಲಿದ್ದೇವೆ; ಅದನ್ನು ಯಾರು ಉಣ್ಣುತ್ತಾರೆಂದು ಕೇಳಿದರೆ ಹಿರಿಯರು "ಭೂಮ್ತಾಯಿ" ಅನ್ನುತ್ತಿದ್ದರು. ಅವಳ ಮಕ್ಕಳನ್ನು ನಾನು ಅಂದು ಕಣ್ಣಾರೆ ಕಂಡಿದ್ದೆ.

ಮತ್ತೊಮ್ಮೆ ಹೂಲಿಗೆ ಹೋದೆ. ಅಜ್ಜಿ ಈ ಸಲ ಹೊಲದ ಇನ್ನೊಂದು ಮೂಲೆಗೆ, ತಿಪ್ಪೆ ಗೊಬ್ಬರ ಬಿದ್ದ ಕಡೆಗೆ ಕರೆದೊಯ್ದಳು. ನಾನು ನಿಂತು, ಯವ್ವಾ, ರೋಗ ಇದ್ದ ಜಾಗ ತೋರಿಸಿ ಅಂದೆ. ಅವಳಿಗೆ ಬೇಸರವೇ ಆಯಿತು.

"ಮನಿಗೆ ಬಂದಾವ್ರಿಗೆ ಕೆಟ್ಟ ಮಣ್ಣು ಕಟ್ಟಿ ಕಳಸೂದು ಹೆಂಗ್ರಿ? ನಮಗೂ ಒಂದು ಮರ್ಯಾದಿ ಐತಿ."

೩. ಹುಳಗಳಿಗೆ ಐಸು

ರೋಗದ ಮಣ್ಣು ಬಂತು. ಆಲಿಕೆಯಲ್ಲಿ ನೀರು ತುಂಬಿ, ತೆಳು ಕಾಗದದ ಮೇಲೆ ಮಣ್ಣು ಹರಡಿ ಒಂದು ದಿನ ಬಿಟ್ಟರೆ ಹುಳಗಳು ಕಾಗದದಿಂದ ಇಳಿದು ತಳದ ರಬ್ಬರ್ ನಳಿಗೆಗೆ ಸೇರುತ್ತವೆ. ಅದನ್ನು ಬಟ್ಟಲಿಗೆ ಬಿಟ್ಟು ಎಣಿಸಬೇಕು. ಎಣಿಸುವ ಮೊದಲು ಬಿಸಿನೀರು ಹಾಕಿ ಕೊಲ್ಲಬೇಕು ಎಂದರು ಸಾಹೇಬರು.

ನನ್ನ ಕೈ ಎದೆಯ ಮೇಲಿನ ಲಿಂಗದ ಕಡೆಗೆ ಹೋಯಿತು. ಕೊಲ್ಲುವುದು ನನ್ನಿಂದ ಆಗದು ಅಂದೆ. ಸಾಹೇಬರು ಒಳ್ಳೆಯವರು, ಒತ್ತಾಯ ಮಾಡಲಿಲ್ಲ. ಹಾಗಾದರೆ ಜೀವಂತವಾಗಿಯೇ ಎಣಿಸಿ ಅಂದರು. ಎಣಿಸಿದೆ. ಅವು ಎಲ್ಲಿ ನಿಲ್ಲುತ್ತವೆ? ಬಟ್ಟಲಿನ ಈ ಕಡೆ ಎಣಿಸಿದವನು ಆ ಕಡೆಯೂ ಬಂದು ನಿಂತಿರುತ್ತಿದ್ದ. ಸಂಜೆ ನಾನು ಕೊಟ್ಟ ಸಂಖ್ಯೆ ನೋಡಿ ಸಾಹೇಬರು, ಇಷ್ಟು ಹುಳ ಇದ್ದರೆ ಅಜ್ಜಿಯ ಹೊಲದಲ್ಲಿ ಮಣ್ಣಿಗೆ ಜಾಗ ಎಲ್ಲಿದೆ ಎಂದು ಕೇಳಿದರು.

ಕೊನೆಗೆ ಅವರೇ ಉಪಾಯ ಹೇಳಿದರು. ತಂಪಾದರೆ ಹುಳ ಅಲ್ಲಾಡುವುದಿಲ್ಲ. ಕಚೇರಿಯಲ್ಲಿ ಫ್ರಿಜ್ ಇರಲಿಲ್ಲ. ದಿನಾ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಐಸ್ ಗಾಡಿಗೆ ಹೋಗಿ ಒಂದು ತುಂಡು ಐಸು ತರತೊಡಗಿದೆ. ಗಾಡಿಯವನು ಮೂರು ದಿನ ಸುಮ್ಮನಿದ್ದು, ನಾಲ್ಕನೆಯ ದಿನ ಯಾರಿಗೆ ಜ್ವರ ಎಂದು ವಿಚಾರಿಸಿದ. ಜ್ವರ ಯಾರಿಗೂ ಇಲ್ಲ, ನಮ್ಮ ಹುಳಗಳಿಗೆ ಬೇಕು ಅಂದೆ. ಅವನು ಗಂಭೀರವಾಗಿ ತಲೆಯಾಡಿಸಿ, ಐಸಿನ ಮೇಲೆ ಸ್ವಲ್ಪ ಕೆಂಪು ಸಕ್ಕರೆ ಪಾಕ ಸುರಿದು ಕೊಟ್ಟ.

ಎಣಿಸಿದ ಮೇಲೆ ಅವುಗಳನ್ನು ನಾನು ಕಚೇರಿಯ ಹಿತ್ತಲಿನ ಬಿಲ್ವಪತ್ರಿ ಗಿಡದ ಬುಡಕ್ಕೆ ಬಿಡುತ್ತಿದ್ದೆ. ಜೀವಕ್ಕೆ ಜೀವ ಉಳಿಯಿತು, ದೇವರ ಗಿಡಕ್ಕೆ ನೀರೂ ಆಯಿತು ಎಂದು ಸಮಾಧಾನ. ಒಂದು ದಿನ ಸಾಹೇಬರು ನೋಡಿದರು.

"ನಾಕು ತಾಲೂಕಿನ ಕಳ್ಳರನ್ನ ಹಿಡಕೊಂಡು ಬಂದು," ಅಂದರು, "ದೇವರ ಮನಿಯಾಗ ವಸ್ತಿಗೆ ಬಿಟ್ಟೀರಲ್ರೀ."

೪. ಕಿತ್ತೂರಿನ ಬಸ್ಸು

ಕಳ್ಳರನ್ನು ತಿನ್ನುವ ಹುಳ ಮಾತ್ರ ಸಿಗಲೊಲ್ಲದು. ಉತ್ತು ಬಿತ್ತುವ ಹೊಲದಲ್ಲಿ ಅವು ಕಡಿಮೆ, ಕೆಡಿಸದೆ ಬಿಟ್ಟ ನೆಲದಲ್ಲಿ ಹುಡುಕಬೇಕು ಎಂದು ಸಾಹೇಬರು ನನ್ನನ್ನು ಕಿತ್ತೂರಿಗೆ ಕಳಿಸಿದರು. ಕೋಟೆಗೆ ಸಮೀಪದ ಒಬ್ಬ ರೈತರ ಹುಲ್ಲುಗಾವಲಿನಲ್ಲಿ ಅಗೆದು, ಒಂದು ಬಟ್ಟೆ ಚೀಲದ ತುಂಬ ಮಣ್ಣು ತಂದು, ಬೈಲಹೊಂಗಲದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕುಳಿತೆ.

ಕಂಡಕ್ಟರ್ ಏನದು ಅಂದ. ಕಿತ್ತೂರ ಮಣ್ಣು ಅಂದೆ. ಅಷ್ಟೇ ನಾನು ಮಾಡಿದ ತಪ್ಪು. ರಾಣಿಯ ಊರಿನ ಮಣ್ಣು ಎಂದರೆ ನಮ್ಮ ಕಡೆ ಗೊತ್ತಲ್ಲ. ಕಂಡಕ್ಟರ್ ಟಿಕೀಟಿನ ಪೆಟ್ಟಿಗೆ ಕಂಕುಳಿಗೆ ಸರಿಸಿ, ಚಿಟಿಕೆ ಮಣ್ಣು ತೆಗೆದು ಹಣೆಗೆ ಹಚ್ಚಿಕೊಂಡ. ಪಕ್ಕದ ಮುದುಕರು ಕೈ ಚಾಚಿದರು. ಹಿಂದಿನ ಸೀಟಿನ ಅವ್ವ ಒಂದು ಹಿಡಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಮೊಮ್ಮಗನಿಗೆ ಧೈರ್ಯ ಬರಲಿ ಎಂದು. ಡ್ರೈವರ್ ಬಸ್ಸು ನಿಲ್ಲಿಸಿ ಬಂದು ತಗೊಂಡು ಹೋದ. ಇದು ಪರೀಕ್ಷೆಗೆ ಎಂದು ಹೇಳಬೇಕೆಂದುಕೊಂಡೆ. ಆದರೆ ಭಕ್ತಿಯಿಂದ ಚಾಚಿದ ಕೈಗೆ ಇಲ್ಲ ಅನ್ನುವುದು ಹೇಗೆ? ಬೈಲಹೊಂಗಲ ಬರುವ ಹೊತ್ತಿಗೆ ಚೀಲದಲ್ಲಿ ಒಂದು ಹಿಡಿಯೂ ಉಳಿದಿರಲಿಲ್ಲ, ಉಳಿದ ಚಿಟಿಕೆಯನ್ನು ನಾನೇ ಹಣೆಗೆ ಹಚ್ಚಿಕೊಂಡೆ.

ಸಾಹೇಬರು ಬರಿ ಚೀಲ ಮಗುಚಿ ನೋಡಿ, ನನ್ನ ಹಣೆ ನೋಡಿ, ಎಲ್ಲ ಕೇಳಿ, ಚೀಲವನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು.

"ಇಪ್ಪತ್ತು ವರ್ಷ ಇವುಗಳ ಮ್ಯಾಲ ಓದಿದೆ, ಬರದೆ, ಭಾಷಣ ಮಾಡಿದೆ," ಅಂದರು. "ಒಬ್ಬರೂ ಇವನ್ನ ಹಣಿಗೆ ಹಚಗೊಳ್ಳಲಿಲ್ಲ."

೫. ಸಾಲಹಳ್ಳಿಯ ಬದು

ಕೊನೆಗೆ ಸಿಕ್ಕಿದ್ದು ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ. ಅಲ್ಲಿ ಅಣ್ಣ ತಮ್ಮ ಇಬ್ಬರ ಹೊಲದ ನಡುವೆ ಒಂದು ಬದು. ಇಬ್ಬರಿಗೂ ಮಾತಿಲ್ಲ. ವರ್ಷವೂ ಅಣ್ಣ ಈ ಕಡೆಯಿಂದ ಒಂದು ಗೇಣು, ತಮ್ಮ ಆ ಕಡೆಯಿಂದ ಒಂದು ಗೇಣು ಕುಂಟೆ ಹೊಡೆದು ಬದು ಜನಿವಾರದ ಎಳೆಯಂತಾಗಿತ್ತು. ಒಂದು ಹಳೆಯ ಬೇವಿನ ಗಿಡದ ಹತ್ತಿರ ಮಾತ್ರ ಅಗಲ ಉಳಿದಿತ್ತು, ಗಿಡ ಜಾಗ ಬಿಟ್ಟುಕೊಟ್ಟಿರಲಿಲ್ಲ.

ಅಂದು ನಾವು ಸೂಕ್ಷ್ಮದರ್ಶಕವನ್ನೇ ಒಯ್ದಿದ್ದೆವು. ಹೂಲಿ ಅಜ್ಜಿಯ ಮಗನೂ ಜೊತೆಗೆ ಬಂದಿದ್ದ. ಹಿಂದಿನ ದಿನವೇ ಅಲ್ಲಿ ಇಟ್ಟುಬಂದಿದ್ದ ಆಲಿಕೆಯಿಂದ ಬೇವಿನ ಬುಡದ ಮಣ್ಣಿನ ನೀರನ್ನು ಬಟ್ಟಲಿಗೆ ಬಿಟ್ಟು ಸಾಹೇಬರು ನೋಡಿದರು, ಮತ್ತೆ ನೋಡಿದರು, ಆಮೇಲೆ ಎಲ್ಲರನ್ನೂ ಕರೆದರು. ಬಾಯಲ್ಲಿ ಹಲ್ಲಿದ್ದ ಒಂದು ದಪ್ಪ ಹುಳ ಇನ್ನೊಂದು ಸಣ್ಣ ಹುಳವನ್ನು ಶ್ಯಾವಿಗೆ ಎಳೆದ ಹಾಗೆ ನುಂಗುತ್ತಿತ್ತು.

ಅಣ್ಣ ನೋಡಿ, "ನುಂಗಿದ್ದು ನಮ್ಮ ಕಡೀದು" ಅಂದ. ತಮ್ಮ ನೋಡಿ, ಯಾರಿಗೂ ಅಲ್ಲದವನಂತೆ ಗಾಳಿಗೆ ಹೇಳಿದ, "ನುಂಗಿಸಿಕೊಂಡದ್ದು ಅವರ ಕಡೀದು."

ಸಾಹೇಬರು ಇಬ್ಬರನ್ನೂ ಸುಮ್ಮನಿರಿಸಿ, ಇದು ಯಾರದೂ ಅಲ್ಲ, ಬದುವಿನದು ಅಂದರು. ನೆಲ ಕೆದರಿದರೆ ಇವು ಬಾಳುವುದಿಲ್ಲ. ಬದು ಅಗಲ ಇದ್ದಷ್ಟು ಕಾವಲುಗಾರರು ಹೆಚ್ಚು. ಅಜ್ಜಿಯ ಮಗ ಕಣ್ಣು ತೆಗೆಯದೆ ನೋಡಿದ. ಮುಂದಿನ ಸಲ ಅವನ ಹೊಲಕ್ಕೆ ಹೋದಾಗ ಬದುವಿನ ಗುಂಟ ಒಂದು ಮೊಳ ಹುಲ್ಲು ಹಾಗೇ ಬಿಟ್ಟಿತ್ತು.

ಮಳೆಗಾಲದಲ್ಲಿ ಸಾಲಹಳ್ಳಿಗೆ ಮತ್ತೆ ಹೋದರೆ ಅಲ್ಲಿನ ಬದು ಚಕ್ಕಡಿ ಹೋಗುವಷ್ಟು ಅಗಲ. ಅಣ್ಣ ತಮ್ಮ ಮಾತ್ರ ಮೊದಲಿಗಿಂತ ಜೋರಾಗಿ ಜಗಳ ಆಡುತ್ತಿದ್ದರು. ಅಣ್ಣ ನಮ್ಮನ್ನು ಕಂಡವನೇ ದೂರು ಹೇಳಿದ.

"ನೋಡ್ರಿ ಸಾಹೇಬ್ರ, ಬೇಕಂತ ತನ್ನ ಹೊಲಾ ಹೆಚ್ಚಿಗಿ ಬಿಟ್ಟಾನ. ಕಾವಲ ಹುಳಾ ಎಲ್ಲಾ ಅವನ ಕಡೆ ಹೊಂಟಾವ."

೬. ಎಳ್ಳಮಾಸಿ

ಆ ವರ್ಷ ಅಜ್ಜಿಯ ಹೊಲದಲ್ಲಿ ಚೆಂಡುಹೂವಿನ ಸಾಲುಗಳ ನಡುವೆ ಬದನೆ ನಿಂತ ನಿಲುವು ನೋಡಿ ನನಗೆ ನಿದ್ದೆ ಚೆನ್ನಾಗಿ ಬರತೊಡಗಿತು. ಒಂದೊಂದು ಬೇರಿನಲ್ಲಿ ಗಂಟು ಇದ್ದವು, ಇಲ್ಲವೆನ್ನಲಾರೆ; ಆದರೆ ಗಿಡ ತಲೆ ಎತ್ತಿ ಕಾಯಿ ಹಿಡಿದಿತ್ತು. ಎಳ್ಳಮಾಸಿಗೆ ನನಗೂ ಸಾಹೇಬರಿಗೂ ಕರೆ ಬಂತು.

ಚಕ್ಕಡಿಯಲ್ಲಿ ಹೊಲಕ್ಕೆ ಹೋದೆವು. ಮಗ ವಿಷದ ಪಾಕೀಟನ್ನೂ ಹಾಕಿಕೊಂಡು ಬಂದಿದ್ದ. ಮಾತಂದರೆ ಮಾತು. ಪಾಕೀಟಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಇದ್ದವು. ವರ್ಷವಿಡೀ ಅಜ್ಜಿ ಅದಕ್ಕೆ ವಿಭೂತಿ ಹಚ್ಚಿ, "ಒಳಗ ಇರಪಾ, ಹೊರಗ ಬರಬ್ಯಾಡ" ಎಂದು ಬೇಡಿಕೊಳ್ಳುತ್ತಿದ್ದಳಂತೆ.

ಪೂಜೆಯಾಯಿತು. ನೈವೇದ್ಯಕ್ಕೆ ಬುಟ್ಟಿ ಬಿಚ್ಚಿದರು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡಬು, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು. ಎಣ್ಣೆಗಾಯಿ ಇರಲಿಲ್ಲ.

ಮಗ ತಾಯಿಯ ಮುಖ ನೋಡಿದ. ನಾನು ಗಿಡಗಳ ಕಡೆ ನೋಡಿದೆ. ಇದ್ದದ್ದು ಕಿರುಬೆರಳಿನಷ್ಟು ಹೀಚು. ಅಜ್ಜಿ ತಲೆ ತಗ್ಗಿಸಿ ಹೇಳಿದಳು. ರೋಗ ಹೋದರೆ ಎಳ್ಳಮಾಸಿಯ ತನಕ ಬಂದ ಕಾಯಿಯೆಲ್ಲ ದಾಸೋಹಕ್ಕೆ ಎಂದು ಹರಕೆ ಹೊತ್ತಿದ್ದಳು. ಕೊನೆಯ ಬುಟ್ಟಿ ಹಿಂದಿನ ದಿನ ಸಂಜೆ ಮಠಕ್ಕೆ ಹೋಗಿತ್ತು. ಕರಾರು ಅವಳಿಗೆ ನೆನಪಿತ್ತು. ಆದರೆ ಹರಕೆ ಅದಕ್ಕಿಂತ ದೊಡ್ಡದು.

"ಯವ್ವಾ, ನಾ ಏನ ಹೇಳಿದ್ದೆ?" ಅಂದ ಮಗ. "ಎಣ್ಣಿಗಾಯಿ ಆಗಬೇಕು ಅಂದಿದ್ದೆ."

ಬೆಳೆ ಬಂದದ್ದನ್ನು ನೀವೇ ನೋಡಿದ್ದೀರಲ್ಲ ಎಂದು ಸಾಹೇಬರು ಹೇಳಿ ನೋಡಿದರು. ಅವನು ಕೇಳಲಿಲ್ಲ. ಕರಾರು ಬೆಳೆಯದಲ್ಲ, ಎಣ್ಣೆಗಾಯಿಯದು ಅಂದ. ಎದ್ದು ಚಕ್ಕಡಿಯ ಹತ್ತಿರ ಹೋಗಿ ಪಾಕೀಟು ಕೈಗೆ ತಗೊಂಡ. ನಾನು ಕಣ್ಣು ಮುಚ್ಚಿ, ಶಿವನೇ, ಕಾಣದ ಅಷ್ಟೂ ಜೀವ ನಿನ್ನ ಮಡಿಲಿಗೆ ಎಂದೆ.

ಕಣ್ಣು ತೆರೆದರೆ ಬದುವಿನ ಮೇಲೆ ಸೈಕಲ್ಲು ತಳ್ಳಿಕೊಂಡು ಮಠದ ಸೇವಕ ಬರುತ್ತಿದ್ದ. ಹ್ಯಾಂಡಲ್ಲಿಗೆ ಒಂದು ಡಬ್ಬಿ. ದಾಸೋಹಕ್ಕೆ ಬುಟ್ಟಿ ಬುಟ್ಟಿ ಕಾಯಿ ಕೊಟ್ಟವರಿಗೆ ಹಬ್ಬದ ಪ್ರಸಾದ ಮುಟ್ಟಿಸಿ ಬಾ ಎಂದು ಮಠದ ಸ್ವಾಮಿಗಳಾದ ಅಜ್ಜಾರು ಕಳಿಸಿದ್ದರು. ಅಜ್ಜಿ ಡಬ್ಬಿಯನ್ನು ಕಣ್ಣಿಗೊತ್ತಿ ಮುಚ್ಚಳ ತೆಗೆದಳು. ಎಣ್ಣೆಗಾಯಿ.

ಮಗ ಬಂದು ಬಗ್ಗಿ, ಒಂದನ್ನು ತೊಟ್ಟು ಹಿಡಿದು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ತೊಟ್ಟಿನ ಮುಳ್ಳು ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡೇ ತೀರ್ಪು ಕೊಟ್ಟ.

"ಮಸಾಲಿ ಮಠದ್ದು. ಕಾಯಿ ನಮ್ಮದು."

ಪಾಕೀಟು ಒಡೆಯದೆಯೇ ಚಕ್ಕಡಿಗೆ ಹೋಯಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಎಲ್ಲದರಲ್ಲೂ ಒಂದೊಂದು ತುತ್ತು ಕಲಸಿ, ಆ ಎಣ್ಣೆಗಾಯಿಯನ್ನೂ ಒಂದು ಮುರಿದು ಹಾಕಿ, ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುತ್ತ ನಡೆದಳು. ಸಾಹೇಬರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಎಲ್ಲಿ ಸಿಗಬೇಕು? ಚೀಲ, ಸಣ್ಣ ಸಲಿಕೆ ಹಿಡಿದು ಅಜ್ಜಿಯ ಹಿಂದೆಯೇ ಹೊರಟರು. ಅವಳು ಚೆಲ್ಲಿದ ಕಡೆಯೆಲ್ಲ ಕೂತು, ತುತ್ತಿನ ಸಮೇತ ಮಣ್ಣು ತೆಗೆದು ಚೀಲಕ್ಕೆ ಹಾಕತೊಡಗಿದರು. ಅಜ್ಜಿ ತಿರುಗಿ ನೋಡಿದಳು.

"ಸಾಹೇಬ್ರ, ಚೆಲ್ಲಿದ್ದನ್ನ ಯಾಕ ಆರಸ್ತೀರಿ? ಬುಟ್ಟ್ಯಾಗ ಇನ್ನೂ ಐತಿ, ಕುಂತು ಉಣ್ರಿ."

ಊಟಕ್ಕಲ್ಲ, ಪರೀಕ್ಷೆಗೆ ಎಂದರು ಸಾಹೇಬರು. ಇನ್ನೆರಡು ಮೂರು ದಿನದಲ್ಲಿ ಕೆಳಗಿನ ಹುಳಗಳು ಇದ್ದಲ್ಲಿಂದ ಎದ್ದು ಇದನ್ನು ಉಣ್ಣಲು ಬರುತ್ತವೆ. ಯಾರು ಮೊದಲು ಬರುತ್ತಾರೆ, ಯಾರು ಆಮೇಲೆ, ಯಾರು ಎಷ್ಟು ತಿನ್ನುತ್ತಾರೆ, ಎಲ್ಲವನ್ನೂ ಗಾಜಿನಲ್ಲಿ ದೊಡ್ಡದಾಗಿ ನೋಡಬೇಕು. ಹೇಳುತ್ತ ಹೇಳುತ್ತ ಅವರ ಮುಖ ಅರಳಿತು. ಅಜ್ಜಿಯ ಮುಖ ಮಾತ್ರ ಬಿಗಿಯಿತು.

"ಬ್ಯಾಡ್ರಿ," ಅಂದಳು. "ಉಣ್ಣಾವ್ರ ಮಾರಿ ಹಂಗ ದಿಟ್ಟಿಸಿ ನೋಡಬಾರದು. ದೃಷ್ಟಿ ಆಗತೈತಿ."

ಸಾಹೇಬರು ಸಲಿಕೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಆಮೇಲೆ ಅವರು ಚೀಲ ಬಿಚ್ಚಿ, ತೆಗೆದ ಮಣ್ಣನ್ನು ಹಿಡಿ ಹಿಡಿಯಾಗಿ ಇದ್ದ ಜಾಗಕ್ಕೇ ಹಾಕಿ, ಮೇಲೆ ಮೆತ್ತಗೆ ಅಂಗೈ ಒತ್ತಿ, ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಊಟಕ್ಕೆ ಕುಳಿತರು.

ಕಚೇರಿಯ ಆ ವರ್ಷದ ರಿಜಿಸ್ಟರಿನಲ್ಲಿ ಹೂಲಿಯ ಎದುರಿಗೆ ಅವರು ತಮ್ಮ ಕೈಯಾರೆ ಬರೆದದ್ದು ಇಷ್ಟೇ: "ಮಣ್ಣು ತರಲಾಗಲಿಲ್ಲ. ಊಟ ನಡೆದಿತ್ತು."